ಚಿನ್ನದ ಮೇಲೆ ಬೆಳಕಿನ ಬರಹ: ಕಣ್ಣೆವೆ ಇಕ್ಕುವುದರೊಳಗೆ ಆವಿಯಾಗುವ ಲೋಹ

ಚಿನ್ನದ ಬಳೆಯ ಒಳಮೈಯನ್ನು ಭೂತಗನ್ನಡಿಯಡಿ ಹಿಡಿದು ನೋಡಿದರೆ ಮೂರು ಪುಟ್ಟ ಗುರುತುಗಳು ಕಾಣುತ್ತವೆ. ಮೊದಲನೆಯದು ಭಾರತೀಯ ಮಾನಕ ಬ್ಯೂರೋದ, ಅಂದರೆ ಬಿಐಎಸ್‌ನ ತ್ರಿಕೋನಾಕಾರದ ಚಿಹ್ನೆ. ಎರಡನೆಯದು ಶುದ್ಧತೆಯನ್ನು ತಿಳಿಸುವ 22ಕೆ916ರಂಥ ಅಂಕಿ. ಮೂರನೆಯದು ಅಕ್ಷರ ಮತ್ತು ಅಂಕಿಗಳು ಬೆರೆತ ಆರು ಸ್ಥಾನಗಳ ಸಂಕೇತ. ಎಚ್‌ಯುಐಡಿ ಎಂದು ಕರೆಯಲಾಗುವ ಈ ಸಂಕೇತವು ಆ ಒಂದು ಆಭರಣಕ್ಕೆ ಮಾತ್ರ ಸೇರಿದ್ದು. ಅದೇ ಅಂಗಡಿಯ, ಅದೇ ಅಚ್ಚಿನ ಇನ್ನೊಂದು ಬಳೆಗೆ ಬೇರೆಯದೇ ಸಂಕೇತವಿರುತ್ತದೆ.

ದೇಶದಲ್ಲಿ ಚಿನ್ನದ ಹಾಲ್‌ಮಾರ್ಕ್ ಪದ್ಧತಿ ಆರಂಭವಾದದ್ದು 2000ದಲ್ಲಿ. ಆರು ಸ್ಥಾನಗಳ ಸಂಕೇತ ಬಂದದ್ದು 2021ರ ಜುಲೈ 1ರಂದು. ಹಾಲ್‌ಮಾರ್ಕ್ ಕಡ್ಡಾಯಗೊಂಡ ಜಿಲ್ಲೆಗಳಲ್ಲಿ ಈ ಸಂಕೇತವಿಲ್ಲದ ಆಭರಣಗಳನ್ನು ಅಂಗಡಿಗಳು ಮಾರುವಂತಿಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2 ಗ್ರಾಂಗಿಂತ ಹಗುರವಾದ ಒಡವೆಗಳೂ ಸೇರಿದಂತೆ ಕೆಲವಕ್ಕೆ ವಿನಾಯಿತಿ ಇದೆ.

ಈ ಗುರುತುಗಳನ್ನು ಕೆತ್ತುವುದು ಉಳಿಯಲ್ಲ, ಸುತ್ತಿಗೆಯಲ್ಲ; ಲೇಸರ್ ಬೆಳಕು. ಹೀಗಾಗಿ ಕೊಳ್ಳುವವರಲ್ಲಿ ಕೆಲವು ಸಂದೇಹಗಳು ಮೂಡುವುದು ಸಹಜ. ಲೇಸರ್ ಬರೆಯುವಾಗ ಚಿನ್ನ ಸುಟ್ಟುಹೋಗುವುದಿಲ್ಲವೇ? ತೂಕ ಕಡಿಮೆಯಾಗುವುದಿಲ್ಲವೇ? ಪಕ್ಕದಲ್ಲಿರುವ ಹರಳು, ಬೆಸುಗೆ ಕೆಡುವುದಿಲ್ಲವೇ? ಒಮ್ಮೆ ಬರೆದದ್ದು ಅಳಿಸಿಹೋಗದೇ? ಈ ಎಲ್ಲ ಪ್ರಶ್ನೆಗಳಿಗೂ ಉತ್ತರ ದೊರೆಯುವುದು ಒಂದೇ ಕಡೆ. ಲೋಹಕ್ಕೆ ಎಷ್ಟು ಶಾಖ ಕೊಟ್ಟೆವು ಎಂಬುದರಷ್ಟೇ, ಅದನ್ನು ಎಷ್ಟು ಹೊತ್ತಿನಲ್ಲಿ ಕೊಟ್ಟೆವು ಎಂಬುದೂ ಇಲ್ಲಿ ಮುಖ್ಯ.

ಊದುಗೊಳವೆಯೂ ಲೇಸರೂ

ಅಕ್ಕಸಾಲಿಗರು ಊದುಗೊಳವೆಯಿಂದ ಜ್ವಾಲೆಯನ್ನು ಬೆಸುಗೆಯ ಜಾಗಕ್ಕೆ ಹಾಯಿಸುತ್ತಾರೆ. ಜ್ವಾಲೆ ತಾಗುವುದು ಒಂದು ಬಿಂದುವಿಗಾದರೂ ಕೆಲವೇ ಸೆಕೆಂಡುಗಳಲ್ಲಿ ಇಡೀ ಒಡವೆ ಕಾಯುತ್ತದೆ. ಅದಕ್ಕೆ ಕಾರಣ ಚಿನ್ನದ ಗುಣ. ನಿತ್ಯ ಬಳಕೆಯ ಲೋಹಗಳಲ್ಲಿ ಬೆಳ್ಳಿ ಮತ್ತು ತಾಮ್ರವನ್ನು ಬಿಟ್ಟರೆ ಶಾಖವನ್ನು ಅತಿ ಚೆನ್ನಾಗಿ ಸಾಗಿಸುವುದು ಚಿನ್ನವೇ.

ಶುದ್ಧ ಚಿನ್ನದಲ್ಲಿ ಒಂದು ಸೆಕೆಂಡಿನಲ್ಲಿ ಶಾಖವು ಸುಮಾರು 2 ಸೆಂಟಿಮೀಟರ್ ದೂರ ಹರಡುತ್ತದೆ. ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅದು ಸಾಗುವ ದೂರ ಸುಮಾರು 0.7 ಮಿಲಿಮೀಟರ್. ಇನ್ನೂ ಕೆಳಗಿಳಿದು 100 ನ್ಯಾನೋಸೆಕೆಂಡ್‌ಗೆ ಬಂದರೆ, ಅಂದರೆ ಒಂದು ಸೆಕೆಂಡಿನ ಕೋಟಿಯ ಒಂದು ಭಾಗಕ್ಕೆ ಬಂದರೆ, ಶಾಖ ಸಾಗುವುದು ಸುಮಾರು 7 ಮೈಕ್ರಾನ್ ಮಾತ್ರ. ಒಂದು ಮಿಲಿಮೀಟರ್‌ನ ಸಾವಿರದ ಒಂದು ಭಾಗವೇ ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಈ ಅಳತೆಯ ಸೂಕ್ಷ್ಮತೆ ಅರಿವಾದೀತು.

ಬರೆಯುವ ಕೆಲಸಕ್ಕೆ ಬಳಸುವ ಲೇಸರ್‌ಗಳು ಬೆಳಕನ್ನು ಸತತವಾಗಿ ಸುರಿಸುವುದಿಲ್ಲ. ಬಿಡಿಬಿಡಿಯಾಗಿ, ಮಿಡಿತಗಳ ರೂಪದಲ್ಲಿ ಹೊಮ್ಮಿಸುತ್ತವೆ. ಒಂದೊಂದು ಮಿಡಿತದ ಅವಧಿ ಸಾಮಾನ್ಯವಾಗಿ 100 ನ್ಯಾನೋಸೆಕೆಂಡ್‌ನ ಆಸುಪಾಸಿನಲ್ಲಿರುತ್ತದೆ. ಒಂದು ಮಿಡಿತ ಆರಂಭವಾಗಿ ಮುಗಿಯುವಷ್ಟರಲ್ಲಿ ಬೆಳಕು ಕೂಡ 30 ಮೀಟರ್‌ಗಿಂತ ಹೆಚ್ಚು ದೂರ ಹೋಗಲಾರದು. ಅಷ್ಟರೊಳಗೆ ಮೇಲ್ಮೈಯ ತೆಳುಪದರ ಕರಗಿ ಕುದಿಯುತ್ತದೆ. ಒಂದು ಕೂದಲೆಳೆಯಷ್ಟು ಆಳದಲ್ಲಿರುವ ಚಿನ್ನಕ್ಕೆ ಅದರ ಸುಳಿವೂ ಸಿಕ್ಕಿರುವುದಿಲ್ಲ.

ತೂಬು ಮುಚ್ಚಿ ತೆರೆದಂತೆ

ಜಗತ್ತಿನ ಮೊದಲ ಲೇಸರ್ ಕೂಡ ಮಿಡಿತದ ಲೇಸರೇ ಆಗಿತ್ತು. 1960ರ ಮೇ 16ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಹ್ಯೂಸ್ ಸಂಶೋಧನಾಲಯದಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯೊಂದನ್ನು ಫ್ಲ್ಯಾಶ್ ದೀಪದಿಂದ ಪ್ರಚೋದಿಸಿ ಕೆಂಪು ಲೇಸರ್ ಬೆಳಕನ್ನು ಹೊಮ್ಮಿಸಿದರು. ದೀಪ ಮಿಂಚಿದಾಗಲೆಲ್ಲ ಒಂದು ಮಿಡಿತ. ಆ ದಿನಗಳಲ್ಲಿ ಲೇಸರ್‌ನ ಬಲವನ್ನು ಅಳೆಯಲು ವಿಜ್ಞಾನಿಗಳ ನಡುವೆ ತಮಾಷೆಯ ಮಾನವೊಂದು ಚಾಲ್ತಿಗೆ ಬಂತು. ಒಂದರ ಹಿಂದೊಂದು ಇಟ್ಟ ಜಿಲೆಟ್ ಕ್ಷೌರದ ಬ್ಲೇಡುಗಳಲ್ಲಿ ಎಷ್ಟನ್ನು ಅದು ತೂತು ಮಾಡಬಲ್ಲದೋ ಅಷ್ಟು 'ಜಿಲೆಟ್' ಅದರ ಬಲ! ಬೆಳಕಿನಿಂದ ಉಕ್ಕನ್ನು ಕೊರೆಯಬಹುದು ಎಂಬುದು ಆಗಲೇ ಸಿದ್ಧವಾಗಿತ್ತು.

ಮಿಡಿತವನ್ನು ಇನ್ನಷ್ಟು ಚಿಕ್ಕದಾಗಿಸಿ, ಇನ್ನಷ್ಟು ತೀಕ್ಷ್ಣಗೊಳಿಸುವ ಉಪಾಯ ಅದರ ಬೆನ್ನಿಗೇ ಬಂತು. 1961-62ರಲ್ಲಿ ರಾಬರ್ಟ್ ಹೆಲ್ವಾರ್ತ್ ಮತ್ತು ಫ್ರೆಡ್ ಮೆಕ್‌ಕ್ಲಂಗ್ ತೋರಿಸಿಕೊಟ್ಟ ಈ ವಿಧಾನಕ್ಕೆ ಕ್ಯೂ-ಸ್ವಿಚಿಂಗ್ ಎಂದು ಹೆಸರು. ಇದನ್ನು ಕೆರೆಯ ತೂಬಿಗೆ ಹೋಲಿಸಬಹುದು. ತೂಬು ಸದಾ ತೆರೆದಿದ್ದರೆ ಬಂದ ನೀರು ಬಂದ ಹಾಗೆಯೇ ಹರಿದುಹೋಗುತ್ತದೆ. ತೂಬನ್ನು ಮುಚ್ಚಿ ಕೆರೆ ತುಂಬಿದ ಮೇಲೆ ಥಟ್ಟನೆ ತೆರೆದರೆ ಅದೇ ನೀರು ರಭಸದಿಂದ ನುಗ್ಗುತ್ತದೆ. ಲೇಸರ್‌ನೊಳಗೂ ಹೀಗೆಯೇ. ಬೆಳಕು ಹೊಮ್ಮದಂತೆ ಕೆಲಹೊತ್ತು ತಡೆದು, ಶಕ್ತಿಯನ್ನು ಕೂಡಿಟ್ಟು, ತಡೆಯನ್ನು ಒಮ್ಮೆಲೇ ತೆಗೆದುಬಿಟ್ಟರೆ ಎಲ್ಲ ಶಕ್ತಿಯೂ ಕೆಲವೇ ನ್ಯಾನೋಸೆಕೆಂಡ್‌ಗಳಲ್ಲಿ ಹೊರಬೀಳುತ್ತದೆ.

ಇಂದು ಆಭರಣಗಳ ಮೇಲೆ ಬರೆಯಲು ಸಾಮಾನ್ಯವಾಗಿ ಬಳಸುವುದು ಫೈಬರ್ ಲೇಸರ್. ಇಟರ್ಬಿಯಂ ಧಾತುವನ್ನು ಬೆರೆಸಿದ ಗಾಜಿನ ಎಳೆಯೇ ಇದರ ಹೃದಯ. 20 ವ್ಯಾಟ್‌ನ ಒಂದು ಯಂತ್ರವು ಸೆಕೆಂಡಿಗೆ 20 ಸಾವಿರ ಮಿಡಿತಗಳನ್ನು ಹೊಮ್ಮಿಸುತ್ತದೆ ಎಂದಿಟ್ಟುಕೊಂಡರೆ ಒಂದು ಮಿಡಿತದ ಶಕ್ತಿ 1 ಮಿಲಿಜೂಲ್. ಒಂದು ಗ್ರಾಂ ತೂಕದ ಮೂಗುತಿಯನ್ನು 10 ಸೆಂಟಿಮೀಟರ್ ಮೇಲೆತ್ತಲು ಬೇಕಾಗುವಷ್ಟು ಶಕ್ತಿ ಅದು, ಅದಕ್ಕಿಂತ ಹೆಚ್ಚೇನಿಲ್ಲ. ಆದರೆ ಅಷ್ಟೂ ಶಕ್ತಿ 100 ನ್ಯಾನೋಸೆಕೆಂಡ್‌ನಲ್ಲಿ ಬಿಡುಗಡೆಯಾದಾಗ ಆ ಕ್ಷಣದ ಸಾಮರ್ಥ್ಯ 10 ಸಾವಿರ ವ್ಯಾಟ್‌ಗೆ ಏರುತ್ತದೆ. ಮಸೂರದ ಮೂಲಕ ಅದನ್ನು 50 ಮೈಕ್ರಾನ್ ಅಗಲದ ಚುಕ್ಕೆಗೆ ಕೂಡಿಸಿದರೆ ಆ ಚುಕ್ಕೆಯಲ್ಲಿ ಬೆಳಕಿನ ತೀವ್ರತೆ ನಡುಹಗಲಿನ ಬಿಸಿಲಿಗಿಂತ ಸುಮಾರು 500 ಕೋಟಿ ಪಟ್ಟು ಹೆಚ್ಚು.

ಕನ್ನಡಿಯನ್ನು ಕಾಯಿಸುವ ಬಗೆ

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಈ ಲೇಸರ್‌ಗಳ ತರಂಗಾಂತರ ಸುಮಾರು 1064 ನ್ಯಾನೋಮೀಟರ್. ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಈ ಬೆಳಕಿಗೆ ನುಣುಪಾದ ಚಿನ್ನವೆಂದರೆ ಹೊಳೆಯುವ ಕನ್ನಡಿ. ಬಿದ್ದ ಬೆಳಕಿನ ಶೇ 98ರಷ್ಟನ್ನು ಅದು ಹಿಂದಕ್ಕೆ ಎಸೆಯುತ್ತದೆ. ಒಳಗೆ ಹೋಗುವುದು ಶೇ 2ರಷ್ಟು ಮಾತ್ರ.

ಆ ಎರಡು ಪಾಲೇ ಸಾಕಾಗುತ್ತದೆ ಎಂಬುದು ಸ್ವಾರಸ್ಯ. ಮೇಲೆ ಹೇಳಿದ ಅಳತೆಗಳನ್ನೇ ಹಿಡಿದು ಲೆಕ್ಕ ಹಾಕಿದರೆ, ಮೊದಲ ಮಿಡಿತ ಮುಗಿಯುವ ಹೊತ್ತಿಗೆ ಶುದ್ಧ ಚಿನ್ನದ ಮೇಲ್ಮೈಯ ಉಷ್ಣತೆ ಸಾವಿರದ ಇನ್ನೂರು ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಚಿನ್ನ ಕರಗುವುದು 1064 ಡಿಗ್ರಿಗೆ. ಲೇಸರ್‌ನ ತರಂಗಾಂತರದ ಅಂಕಿಯೂ ಚಿನ್ನದ ಕರಗುಬಿಂದುವಿನ ಅಂಕಿಯೂ ಒಂದೇ ಆಗಿರುವುದು ಕೇವಲ ಕಾಕತಾಳೀಯ.

ಒಮ್ಮೆ ಕರಗಿದ ಮೇಲೆ ಆಟವೇ ಬದಲಾಗುತ್ತದೆ. ದ್ರವರೂಪದ ಲೋಹ ಘನ ಲೋಹದಷ್ಟು ಬೆಳಕನ್ನು ಪ್ರತಿಫಲಿಸುವುದಿಲ್ಲ, ಹೆಚ್ಚು ಹೀರುತ್ತದೆ. ಹೆಚ್ಚು ಹೀರಿದಂತೆ ಹೆಚ್ಚು ಕಾಯುತ್ತದೆ. ಅಲ್ಲಿ ಪುಟ್ಟ ಗುಳಿ ಬಿದ್ದರಂತೂ ಒಳಹೊಕ್ಕ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಮತ್ತಷ್ಟು ಹೀರಿಕೆಯಾಗುತ್ತದೆ. 22 ಕ್ಯಾರೆಟ್ ಆಭರಣದಲ್ಲಿ ಬೆಳ್ಳಿ, ತಾಮ್ರ ಮುಂತಾದವು ಬೆರೆತಿರುವುದರಿಂದ ಶಾಖ ಹರಡುವ ವೇಗ ಶುದ್ಧ ಚಿನ್ನಕ್ಕಿಂತ ಕಡಿಮೆ. ಇದೂ ಬರೆಯುವವರಿಗೆ ಅನುಕೂಲವೇ.

ಬೆಳಕನ್ನು ಮೊದಲು ಹೀರುವುದು ಲೋಹದೊಳಗೆ ಸ್ವತಂತ್ರವಾಗಿ ಅಲೆಯುವ ಎಲೆಕ್ಟ್ರಾನುಗಳು, ಅದೂ ಮೇಲಿನ ಕೆಲವು ಹತ್ತು ನ್ಯಾನೋಮೀಟರ್‌ಗಳ ಆಳದಲ್ಲಿ ಮಾತ್ರ. ಅವು ಡಿಕ್ಕಿಗಳ ಮೂಲಕ ಪರಮಾಣುಗಳ ಜಾಲಕ್ಕೆ ಆ ಶಕ್ತಿಯನ್ನು ದಾಟಿಸುತ್ತವೆ. ಪರಮಾಣುಗಳ ಕಂಪನ ಹೆಚ್ಚುವುದನ್ನೇ ನಾವು ಬಿಸಿಯೇರುವುದು ಎನ್ನುತ್ತೇವೆ.

ಕರಗಿ, ಕುದಿದು, ಸಿಡಿದು

ಚಿನ್ನ ಕುದಿಯುವುದು 2,800 ಡಿಗ್ರಿಗೂ ಹೆಚ್ಚಿನ ಉಷ್ಣತೆಯಲ್ಲಿ. ಚುಕ್ಕೆಯ ನಡುಭಾಗ ಆ ಮಟ್ಟ ತಲುಪಿದಾಗ ಲೋಹದ ಆವಿ ರಭಸದಿಂದ ಮೇಲೇಳುತ್ತದೆ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವಂತೆ, ಮೇಲೇಳುವ ಆವಿ ತನ್ನ ಕೆಳಗಿರುವ ಕರಗಿದ ಲೋಹವನ್ನು ಒತ್ತುತ್ತದೆ. ಒತ್ತಡಕ್ಕೆ ಸಿಲುಕಿದ ದ್ರವ ಅಂಚಿನ ಕಡೆಗೆ ಸರಿದು ಅಲ್ಲೇ ಹೆಪ್ಪುಗಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಕ್ಷರದ ಗೆರೆಯ ಎರಡೂ ಬದಿಗೆ ಕಾಣುವ ಸಣ್ಣ ದಂಡೆ ಹೀಗೆ ಮೂಡಿದ್ದು.

ಲೋಹವನ್ನು ಕರಗಿಸುವುದಕ್ಕಿಂತ ಆವಿಯಾಗಿಸುವುದು ಬಹಳ ದುಬಾರಿ. ಕರಗುವ ಹಂತದಲ್ಲಿರುವ ಒಂದು ಗ್ರಾಂ ಚಿನ್ನವನ್ನು ದ್ರವವಾಗಿಸಲು ಸುಮಾರು 64 ಜೂಲ್ ಶಕ್ತಿ ಸಾಕು. ಕುದಿಯುವ ಹಂತದಲ್ಲಿರುವ ಅಷ್ಟೇ ಚಿನ್ನವನ್ನು ಆವಿಯಾಗಿಸಲು ಬೇಕಾದದ್ದು ಸುಮಾರು 1,700 ಜೂಲ್. ಆದ್ದರಿಂದ ಇಂಥ ಮಿಡಿತಗಳಲ್ಲಿ ಆವಿಯಾಗುವ ಲೋಹಕ್ಕಿಂತ, ಆವಿಯ ಒತ್ತಡದಿಂದ ಬದಿಗೆ ಸರಿಯುವ ಅಥವಾ ಹನಿಗಳಾಗಿ ಚಿಮ್ಮುವ ಲೋಹವೇ ಹೆಚ್ಚಾಗಿರಬಹುದು.

ಶಾಖ ತೀರಾ ಬೇಗ ಏರಿದರೆ ದ್ರವಲೋಹಕ್ಕೆ ಮಾಮೂಲಿನಂತೆ ಕುದಿಯಲು ಪುರಸೊತ್ತಿಲ್ಲದಂತಾಗುತ್ತದೆ. ಕುದಿಬಿಂದುವನ್ನು ಮೀರಿ ಬಹಳ ಮೇಲಕ್ಕೆ ಹೋದ ಆ ದ್ರವ ಒಂದು ಹಂತದಲ್ಲಿ ಒಳಗಿನಿಂದಲೇ ಸಿಡಿದು, ಆವಿ ಮತ್ತು ನುಣ್ಣನೆಯ ಹನಿಗಳ ಮಿಶ್ರಣವಾಗಿ ಹಾರುತ್ತದೆ. ಇನ್ನೊಂದೆಡೆ, ಮೇಲೆದ್ದ ಆವಿಯೂ ಲೇಸರ್ ಬೆಳಕನ್ನು ಹೀರಿ ಹೊಳೆಯುವ ಪ್ಲಾಸ್ಮಾ ಆಗಬಹುದು. ಆಗ ಅದು ಕೆಳಗಿರುವ ಲೋಹಕ್ಕೆ ಕೊಡೆ ಹಿಡಿದಂತೆ ಮರೆಯಾಗಿ ನಿಲ್ಲುತ್ತದೆ. ಬೆಳಕಿನ ಬಲವನ್ನು ಸುಮ್ಮನೆ ಹೆಚ್ಚಿಸುತ್ತ ಹೋದರೆ ಗೆರೆ ಅಷ್ಟೇ ಆಳವಾಗುತ್ತದೆ ಎನ್ನುವಂತಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ.

ಮಿಡಿತ ಮುಗಿದೊಡನೆ ಸುತ್ತಲಿನ ತಣ್ಣನೆಯ ಚಿನ್ನ ಶಾಖವನ್ನು ಹಂಚಿಕೊಳ್ಳುತ್ತದೆ. ಸೆಕೆಂಡಿಗೆ 20 ಸಾವಿರ ಮಿಡಿತಗಳೆಂದರೆ ಎರಡು ಮಿಡಿತಗಳ ನಡುವೆ 50 ಮೈಕ್ರೋಸೆಕೆಂಡ್ ಬಿಡುವು. ಇದು ಮಿಡಿತದ ಅವಧಿಯ 500 ಪಟ್ಟು. ಅಷ್ಟರಲ್ಲಿ ಚುಕ್ಕೆಯ ಶಾಖ ಸುತ್ತಲೂ ಚದುರಿಹೋಗುತ್ತದೆ. ಹೀಗಾಗಿಯೇ ಹತ್ತಿರದ ಬೆಸುಗೆ ಕರಗುವುದಿಲ್ಲ, ಹರಳಿಗೆ ಧಕ್ಕೆಯಾಗುವುದಿಲ್ಲ. ಹಿಂದೆ ಬಳಕೆಯಲ್ಲಿದ್ದ ಉಕ್ಕಿನ ಅಚ್ಚಿನ ಪೆಟ್ಟಿಗೆ ಟೊಳ್ಳು ಒಡವೆಗಳು ನೆಗ್ಗುವ ಭಯವಿತ್ತು. ಲೇಸರ್ ಒಡವೆಯನ್ನು ಮುಟ್ಟುವುದೇ ಇಲ್ಲ.

ಹೋಗುವ ಚಿನ್ನ ಎಷ್ಟು?

ಕೊಳ್ಳುವವರ ಮುಖ್ಯ ಸಂದೇಹಕ್ಕೆ ಒಂದು ಅಂದಾಜು ಲೆಕ್ಕ ಉತ್ತರ ಕೊಡುತ್ತದೆ. ಮೂರೂ ಗುರುತುಗಳ ಗೆರೆಗಳನ್ನು ಬಿಡಿಸಿ ಉದ್ದಕ್ಕೆ ಜೋಡಿಸಿದರೆ 15 ಮಿಲಿಮೀಟರ್ ಆಗುತ್ತದೆ ಎಂದುಕೊಳ್ಳೋಣ. ಗೆರೆಯ ಅಗಲ 40 ಮೈಕ್ರಾನ್, ಆಳ 10 ಮೈಕ್ರಾನ್ ಇರಲಿ. ಆ ತೋಡಿನಲ್ಲಿದ್ದ 22 ಕ್ಯಾರೆಟ್ ಚಿನ್ನದ ತೂಕ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗದಷ್ಟು. 10 ಗ್ರಾಂ ತೂಕದ ಬಳೆಗೆ ಹೋಲಿಸಿದರೆ ಇದು ಲಕ್ಷದಲ್ಲಿ ಒಂದು ಪಾಲು. ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿಗೂ ಇದು ಸಿಗುವುದಿಲ್ಲ. ಅದರಲ್ಲೂ ಒಂದಷ್ಟು ಪಾಲು ಹೊರಗೆ ಹೋಗದೆ ಗೆರೆಯ ದಂಡೆಯಾಗಿ ಒಡವೆಯಲ್ಲೇ ಉಳಿಯುತ್ತದೆ. ಹಾಲ್‌ಮಾರ್ಕ್ ಹಾಕಿಸಿದ್ದಕ್ಕೆ ತೂಕ ಇಳಿಯಿತು ಎಂದು ಯಾರಾದರೂ ಹೇಳಿದರೆ ಅದಕ್ಕೆ ಲೇಸರ್ ಹೊಣೆಯಲ್ಲ.

ಮಿಡಿತ ಇನ್ನೂ ಚಿಕ್ಕದಾದಾಗ

ಗೆರೆಯ ಬದಿಯ ದಂಡೆಯೂ ಬೇಡ ಎನ್ನುವ ಕೆಲಸಗಳಿವೆ. ಹೃದಯದ ರಕ್ತನಾಳದಲ್ಲಿ ಅಳವಡಿಸುವ ಸ್ಟೆಂಟ್‌ನಂಥ ಸೂಕ್ಷ್ಮ ಜಾಲರಿಯಲ್ಲಿ ಕರಗಿ ಹೆಪ್ಪುಗಟ್ಟಿದ ಲೋಹದ ತುಣುಕು ಉಳಿಯುವಂತಿಲ್ಲ. ಅಂಥಲ್ಲಿ ಫೆಮ್ಟೋಸೆಕೆಂಡ್ ಲೇಸರ್‌ಗಳು ನೆರವಿಗೆ ಬರುತ್ತವೆ. ಒಂದು ನ್ಯಾನೋಸೆಕೆಂಡ್‌ನ ಹತ್ತು ಲಕ್ಷದಲ್ಲಿ ಒಂದು ಭಾಗವೇ ಫೆಮ್ಟೋಸೆಕೆಂಡ್. ಕೆಲವು ನೂರು ಫೆಮ್ಟೋಸೆಕೆಂಡ್‌ಗಳ ಮಿಡಿತ ಮುಗಿದಾಗ ಎಲೆಕ್ಟ್ರಾನುಗಳು ಸಾವಿರಾರು ಡಿಗ್ರಿ ಕಾದಿರುತ್ತವೆ. ಪರಮಾಣುಗಳ ಜಾಲ ಇನ್ನೂ ಬಹುಮಟ್ಟಿಗೆ ತಣ್ಣಗಿರುತ್ತದೆ. ಶಕ್ತಿ ಜಾಲಕ್ಕೆ ದಾಟಿದೊಡನೆ ಮೇಲ್ಪದರವೇ ಎದ್ದು ಹಾರುತ್ತದೆ. ಶಾಖ ಪಕ್ಕಕ್ಕೆ ಹರಿಯಲು ಅವಕಾಶ ಇಲ್ಲವೆಂಬಷ್ಟು ಕಡಿಮೆ.

ಇಷ್ಟು ಚಿಕ್ಕ ಮಿಡಿತಕ್ಕೆ ಇಷ್ಟು ಬಲ ತುಂಬುವ ದಾರಿಯನ್ನು 1985ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡೋನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರು ಕಂಡುಹಿಡಿದರು. ಮಿಡಿತವನ್ನು ಮೊದಲು ಹಿಗ್ಗಿಸಿ, ಬಲ ತುಂಬಿ, ಮತ್ತೆ ಕುಗ್ಗಿಸುವುದು ಅವರ ಉಪಾಯ. ಇದಕ್ಕಾಗಿ 2018ರ ಭೌತವಿಜ್ಞಾನದ ನೊಬೆಲ್ ಪುರಸ್ಕಾರದ ಅರ್ಧ ಭಾಗವನ್ನು ಅವರಿಬ್ಬರೂ ಹಂಚಿಕೊಂಡರು.

ಆವಿ ಹೇಳುವ ಗುಟ್ಟು

ಹೊಳೆಯುತ್ತ ಮೇಲೇಳುವ ಆವಿಯೂ ವ್ಯರ್ಥವಲ್ಲ. ಪ್ರತಿಯೊಂದು ಧಾತುವೂ ಕಾದು ಪ್ಲಾಸ್ಮಾ ಆದಾಗ ತನ್ನದೇ ಆದ ಬಣ್ಣಗಳ ಬೆಳಕನ್ನು ಸೂಸುತ್ತದೆ. ಆ ಬಣ್ಣಗಳನ್ನು ಬೇರ್ಪಡಿಸಿ ನೋಡಿದರೆ ಅಲ್ಲಿ ಯಾವ ಧಾತುಗಳಿದ್ದವು ಎಂದು ಹೇಳಬಹುದು. 2012ರಲ್ಲಿ ಮಂಗಳ ಗ್ರಹದಲ್ಲಿ ಇಳಿದ ನಾಸಾದ ಕ್ಯೂರಿಯಾಸಿಟಿ ವಾಹನ 7 ಮೀಟರ್ ದೂರದ ಬಂಡೆಗಳನ್ನೂ ಹೀಗೆ ಪರೀಕ್ಷಿಸಬಲ್ಲ ಉಪಕರಣವನ್ನು ಹೊತ್ತೊಯ್ದಿತ್ತು.

2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವ ಪ್ರದೇಶದ ಬಳಿ ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ನಲ್ಲೂ ಇದೇ ಬಗೆಯ ಲೇಸರ್ ಉಪಕರಣವಿತ್ತು. ಅದನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ವ್ಯವಸ್ಥೆಗಳ ಪ್ರಯೋಗಾಲಯ. ಚಂದ್ರನ ನೆಲದ ಮೇಲೆ ಮಿಡಿತಗಳನ್ನು ಹಾಯಿಸಿ, ಎದ್ದ ಪ್ಲಾಸ್ಮಾದ ಬೆಳಕಿನಿಂದ ಅಲ್ಲಿ ಗಂಧಕವಿರುವುದನ್ನು ಆ ಉಪಕರಣ ಖಚಿತಪಡಿಸಿತು. ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಕ್ರೋಮಿಯಂ, ಟೈಟಾನಿಯಂ ಧಾತುಗಳ ಗುರುತೂ ದೊರೆಯಿತು. ಬಳೆಯ ಮೇಲೆ ಅಕ್ಷರ ಮೂಡಿಸುವುದೂ ಚಂದ್ರನ ಮಣ್ಣನ್ನು ಪರೀಕ್ಷಿಸುವುದೂ ಮೂಲದಲ್ಲಿ ಒಂದೇ ವಿದ್ಯೆ.

ಕಾಣದ ಅಪಾಯ

ಈ ಯಂತ್ರಗಳ ಮುಂದೆ ದಿನವಿಡೀ ಕೂರುವವರ ಸುರಕ್ಷತೆಯ ಮಾತು ಬೇರೆ. ಅವಕೆಂಪು ಬೆಳಕು ಕಣ್ಣಿಗೆ ಕಾಣದು. ಆದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಆದರೆ ಕಣ್ಣಿನ ಮಸೂರ ಅದನ್ನು ಅಕ್ಷಿಪಟಲದ ಮೇಲೆ ಒಂದು ಬಿಂದುವಾಗಿ ಕೂಡಿಸುತ್ತದೆ. ಹಾಗಾದ ಗಾಯ ಶಾಶ್ವತವಾಗಬಹುದು. ನುಣುಪಾದ ಒಡವೆಯಿಂದ ಪ್ರತಿಫಲಿಸಿದ ಬೆಳಕೂ ಅಷ್ಟೇ ಅಪಾಯಕಾರಿ. ಆದ್ದರಿಂದ ಯಂತ್ರ ಮುಚ್ಚಿದ ಪೆಟ್ಟಿಗೆಯೊಳಗಿರಬೇಕು, ಇಲ್ಲವೇ ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಧರಿಸಬೇಕು. ಸಾಧಾರಣ ತಂಪು ಕನ್ನಡಕ ರಕ್ಷಣೆ ಕೊಡದು.

ಮೇಲೆದ್ದ ಲೋಹದ ಆವಿ ಗಾಳಿಯಲ್ಲಿ ತಣ್ಣಗಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುತ್ತದೆ. ಇವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಹೊಗೆಯನ್ನು ಹುಟ್ಟಿದಲ್ಲೇ ಹೀರಿ ಸೋಸುವ ವ್ಯವಸ್ಥೆ ಇರಬೇಕಾದದ್ದು ಇದಕ್ಕಾಗಿಯೇ.

ಅಳಿಸಬಹುದೇ, ನಕಲು ಮಾಡಬಹುದೇ?

ಲೇಸರ್ ಬರಹದ ಬಲವೂ ದೌರ್ಬಲ್ಯವೂ ಅದರ ತೆಳ್ಳನೆಯ ಗುಣದಲ್ಲೇ ಇದೆ. ಕೆಲವೇ ಮೈಕ್ರಾನ್ ಆಳದ ಗೆರೆ ಒಡವೆಯನ್ನು ಕೆಡಿಸುವುದಿಲ್ಲ, ನಿಜ. ಆದರೆ ಪದೇ ಪದೇ ಪಾಲಿಶ್ ಮಾಡಿಸಿದರೆ ಅದು ಮಸುಕಾಗಬಹುದು, ಅಳಿಸಿಯೂ ಹೋಗಬಹುದು. ಒಂದು ಯಂತ್ರ ಬರೆದ ಅಕ್ಷರವನ್ನು ಅಂಥದೇ ಇನ್ನೊಂದು ಯಂತ್ರವೂ ಬರೆಯಬಲ್ಲದು. ಬೆಳಕಿಗೆ ತಾನು ಬರೆಯುತ್ತಿರುವುದು ಸತ್ಯವೋ ಸುಳ್ಳೋ ತಿಳಿಯದು.

ಆದ್ದರಿಂದ ಭರವಸೆ ಇಡಬೇಕಾದದ್ದು ಗೆರೆಯ ಮೇಲಲ್ಲ, ಅದರ ಹಿಂದಿರುವ ದಾಖಲೆಯ ಮೇಲೆ. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆರು ಸ್ಥಾನಗಳ ಸಂಕೇತವನ್ನು ನಮೂದಿಸಿದರೆ ಅದು ಯಾವ ಬಗೆಯ ಒಡವೆ, ಶುದ್ಧತೆ ಎಷ್ಟು, ಹಾಲ್‌ಮಾರ್ಕ್ ಹಾಕಿಸಿದ ವ್ಯಾಪಾರಿ ಯಾರು, ಹಾಕಿದ ಕೇಂದ್ರ ಯಾವುದು ಎಂಬ ವಿವರ ಕಾಣುತ್ತದೆ. ಕೈಯಲ್ಲಿರುವುದು ಬಳೆಯಾಗಿದ್ದು ಆ್ಯಪ್ ಉಂಗುರವೆಂದು ತೋರಿಸಿದರೆ ಅಲ್ಲೇ ಪ್ರಶ್ನಿಸಬೇಕು. ಹಣ ಕೊಟ್ಟು ರಸೀದಿ ಪಡೆಯುವ ಮೊದಲೇ ಅಂಗಡಿಯವರಲ್ಲಿ ಭೂತಗನ್ನಡಿ ಕೇಳಿ ಆ ಆರು ಸ್ಥಾನಗಳನ್ನು ಓದಿಕೊಳ್ಳುವುದಕ್ಕೆ ಹಿಡಿಯುವುದು ಒಂದೆರಡು ನಿಮಿಷ. ಆ ಗುರುತನ್ನು ಬರೆಯಲು ಲೇಸರ್ ತೆಗೆದುಕೊಂಡ ಹೊತ್ತಿಗೆ ಹೋಲಿಸಿದರೆ ಅದು ದೀರ್ಘಕಾಲವೇ ಸರಿ; ಆದರೆ ಕೊಳ್ಳುವವರ ಪಾಲಿಗೆ ಅಷ್ಟು ಹೊತ್ತು ವ್ಯಯಿಸುವುದು ಲಾಭದಾಯಕ.